ಪಟ್ಟಿಯಿಂದ ಬಿದ್ದ ಮೂವರು

ಒಂದು ಸಾಲು ಬರೆದರೆ ಡೇಟಾಬೇಸಿಗೆ ಹೋಗುವುದೂ ಒಂದೇ ಪ್ರಶ್ನೆ ಎಂದು ನಮ್ಮ ಪ್ರೋಗ್ರಾಮರ್ ಬಹಳ ದಿನ ನಂಬಿದ್ದ. ಆ ನಂಬಿಕೆಗೆ ತಿಂಗಳು ತಿಂಗಳು ಸಂಬಳವೂ ಬರುತ್ತಿತ್ತು. ಆಸ್ಪತ್ರೆಯ ಮಧ್ಯಾಹ್ನದ ಔಷಧಿ ಪಟ್ಟಿಯನ್ನು ಎರಡೇ ಸಾಲಿನಲ್ಲಿ ಮುಗಿಸಿ, ಕಾಲರ್ ಸರಿಮಾಡಿಕೊಂಡು ಕೂತಿದ್ದ.

ಅವನ ಸಾಲನ್ನು ಡೇಟಾಬೇಸಿಗೆ ಪ್ರಶ್ನೆಯಾಗಿ ಬದಲಿಸಿ ಕೊಡಲು ನಡುವೆ ನಿಂತ ಫ್ರೇಮ್‌ವರ್ಕ್ ಅವನಷ್ಟು ಸೋಮಾರಿಯಲ್ಲ. ಮೊದಲು ರೋಗಿಗಳನ್ನೆಲ್ಲ ತರುತ್ತಿತ್ತು. ಆಮೇಲೆ ಒಬ್ಬೊಬ್ಬರ ಹಾಸಿಗೆ ಯಾವುದೆಂದು ಕೇಳಲು ಬೇರೆ ಬೇರೆಯಾಗಿ ಓಡುತ್ತಿತ್ತು. ಇನ್ನೂರ ಹನ್ನೆರಡು ರೋಗಿಗಳಿಗೆ ಇನ್ನೂರ ಹದಿಮೂರು ಪ್ರಶ್ನೆ.

"ನಿನ್ನ ಪಟ್ಟಿ ತೆರೆಯೋದರೊಳಗೆ ವಾರ್ಡನ್ನ ಒಂದು ಸುತ್ತು ಹಾಕಿ ಬಂದೆ ಕಣಪ್ಪ" ಎಂದು ಹಿರಿಯ ನರ್ಸ್ ಫೋನಿನಲ್ಲಿ ಹೇಳಿದಾಗ ಅವನ ಕಿವಿ ಬಿಸಿಯಾಯಿತು.

ಡೇಟಾಬೇಸ್ ನೋಡಿಕೊಳ್ಳುತ್ತಿದ್ದವಳನ್ನು ಬೆನ್ನ ಹಿಂದೆ ಎಲ್ಲರೂ ಎಣಿಕೆ ಅಕ್ಕ ಎನ್ನುತ್ತಿದ್ದರು, ಎದುರಿಗೆ ಬರೀ ಅಕ್ಕ. ಕಾಗದದ ಕಡತಗಳ ಕಾಲದಲ್ಲಿ ಇದೇ ಆಸ್ಪತ್ರೆಗೆ ಗುಮಾಸ್ತೆಯಾಗಿ ಸೇರಿ, ಸಂಜೆ ತರಗತಿಗೆ ಹೋಗಿ ಈ ವಿದ್ಯೆ ಕಲಿತವಳು. ಸರ್ವರ್ ಕೋಣೆಯ ಚಳಿಗೆ ವರ್ಷವಿಡೀ ಸ್ವೆಟರ್. ಯಾರೇ ಪ್ರಶ್ನೆ ಬದಲಿಸಲಿ, ರೋಗಿಗಳ ತಲೆ ಎಷ್ಟೆಂದು ವಾರ್ಡಿಗೆ ಫೋನ್ ಮಾಡಿ ಕೇಳಿ, ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದು ಪರದೆಯ ಅಂಚಿಗೆ ಅಂಟಿಸುವುದು ಅವಳ ರೂಢಿ. ಕಂಪ್ಯೂಟರಿಗಿಂತ ಪೆನ್ಸಿಲನ್ನು ನಂಬುತ್ತಾಳೆಂದು ಅವನೂ ನಕ್ಕಿದ್ದ.

"ಹಾಸಿಗೆಗಳನ್ನೂ ಒಟ್ಟಿಗೇ ತಾ ಅಂತ ಫ್ರೇಮ್‌ವರ್ಕಿಗೇ ಹೇಳಬಹುದು. ಇಲ್ಲಾಂದ್ರೆ ಪ್ರಶ್ನೆ ನೀನೇ ಬರಿ" ಎಂದಳು ಅಕ್ಕ. "ನೋಡ್ಕೊಂಡು ಆರಿಸ್ಕೊ."

ಅವನು ನೋಡಿಕೊಳ್ಳದೆ ಆರಿಸಿಕೊಂಡ. ಕೈಬರಹದ ಪ್ರಶ್ನೆಯೇ ಗಂಡಸುತನ ಅನ್ನಿಸಿತು. ರೋಗಿಗಳ ಕೋಷ್ಟಕವನ್ನೂ ಹಾಸಿಗೆಗಳ ಕೋಷ್ಟಕವನ್ನೂ ಜೋಡಿಸಿದ. ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅದು ವಾರ್ಡಿಗೆ ಹೋಗಲು ಇನ್ನೂ ಅರ್ಧ ಗಂಟೆಯಿತ್ತು.

"ಕಳಿಸಿಬಿಡ್ಲಾ ಅಕ್ಕ?"

"ಎಷ್ಟು ಬಂತು?"

"ಅರೆಕ್ಷಣ."

"ಹೊತ್ತು ಕೇಳ್ಲಿಲ್ಲ, ಜನ ಕೇಳಿದೆ."

"ಇನ್ನೂರ ಒಂಬತ್ತು."

ಅಕ್ಕ ಚೀಟಿ ತೋರಿಸಿದಳು. ಇನ್ನೂರ ಹನ್ನೆರಡು.

"ಮೂವರು ಮನೆಗೆ ಹೋಗಿರಬಹುದು" ಎಂದ. ಅಕ್ಕ ಎದ್ದು ವಾರ್ಡಿನ ಕಡೆ ಹೊರಟಳು. ಅವನೂ ಹಿಂದೆ ನಡೆದ.

ವಾರ್ಡಿನ ಹೊರಗೆ, ಓಡಾಟದ ದಾರಿಯಲ್ಲಿ, ಗೋಡೆಗೊತ್ತಿ ಮೂರು ಸ್ಟ್ರೆಚರ್‌ಗಳು. ಹಾಸಿಗೆ ಖಾಲಿಯಿಲ್ಲ, ಆದ್ದರಿಂದ ಸಂಖ್ಯೆಯೂ ಇಲ್ಲ. ಎರಡೂ ಕೋಷ್ಟಕದಲ್ಲಿ ಸಿಕ್ಕವರನ್ನಷ್ಟೇ ತರಲು ಅವನು ಹೇಳಿದ್ದ. ಸಂಖ್ಯೆಯಿಲ್ಲದವರು ಸದ್ದಿಲ್ಲದೆ ಬಿದ್ದುಹೋಗಿದ್ದರು. ಕೊನೆಯ ಸ್ಟ್ರೆಚರಿನ ಮುದುಕ ಕತ್ತೆತ್ತಿ, "ಮಾತ್ರೆ ತಂದ್ಯಾ ಮಗಾ?" ಎಂದ.

"ತರ್ತಾರೆ ತಾತ" ಎಂದ.

ಕೋಣೆಗೆ ಮರಳಿ, ಹಾಸಿಗೆ ಇರಲಿ ಇಲ್ಲದಿರಲಿ ರೋಗಿ ಬರಲೇಬೇಕು ಎಂದು ಪ್ರಶ್ನೆ ತಿದ್ದಿದ. ಇನ್ನೂರ ಹನ್ನೆರಡು. ಅಕ್ಕ ಚೀಟಿಯ ಮೇಲೆ ಗುರುತು ಹಾಕಿದಳು. ಪಟ್ಟಿ ಹೊತ್ತಿಗೆ ಸರಿಯಾಗಿ ಹೋಯಿತು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಇಂಥಾ ತಪ್ಪು ಇಲ್ಲಿ ಮೊದಲೂ ಆಗಿತ್ತಾ ಅಕ್ಕ? ಯಾವ ಪುಣ್ಯಾತ್ಮ ಬರೆದಿದ್ದು?"

ಅಕ್ಕ ಪೆನ್ಸಿಲ್ ಕೆಳಗಿಟ್ಟಳು.

"ನಾನೇ. ಪಟ್ಟಿಯಿಂದ ಬಿದ್ದ ಒಬ್ಬ ಹೆಂಗಸಿಗೆ ಎರಡು ದಿನ ಔಷಧಿ ಹೋಗ್ಲಿಲ್ಲ. ಸತ್ತಳು."