ಬೆರಳಣ್ಣನ ತಲೆನೋವು

ಕ್ಷೌರದಂಗಡಿಯವನಿಗೆ ಬೆರಳಣ್ಣ ಎಂಬ ಹೆಸರು ಬಂದದ್ದು ಅವನ ಬೆರಳುಗಳಿಂದಲೇ. ಎಂಥ ತಲೆನೋವೇ ಇರಲಿ, ಅವನು ಎಣ್ಣೆ ಹಚ್ಚಿ ನೆತ್ತಿ ತಿಕ್ಕಿದರೆ ಗಿರಾಕಿ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಅಂಥವನಿಗೇ ತಲೆನೋವು ಬಂದು ವಾರಗಟ್ಟಲೆ ಠಿಕಾಣಿ ಹೂಡಿತು. ಜೊತೆಗೆ ಜ್ವರ, ವಾಂತಿ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಅಂಗಡಿಯ ಕನ್ನಡಿಗೆ ಟವೆಲ್ ಹೊದಿಸಿದ.

"ನಮ್ಮ ಮುಖ ನಾವು ನೋಡ್ಕೋಬಾರ್ದಾ?" ಎಂದು ಗಿರಾಕಿಗಳು ಕೇಳಿದರೆ, "ನೋಡಿ ಸುಮ್ನೆ ಬೇಜಾರ್ಯಾಕೆ?" ಎನ್ನುತ್ತಿದ್ದ.

ಅವನಿಗೆ ಎಚ್‌ಐವಿ ಇರುವುದು ಮನೆಯಲ್ಲಿ ಅಕ್ಕನೊಬ್ಬಳಿಗೇ ಗೊತ್ತು.

"ಮಾತ್ರೆ ತಗೋತಿದ್ದೀಯ ತಾನೇ?"

"ಹೂಂ ಕಣಕ್ಕ."

ಶುದ್ಧ ಸುಳ್ಳು. ಮೈ ತುಂಬಿಕೊಂಡಿದೆ, ಇನ್ನು ಮಾತ್ರೆ ಯಾಕೆಂದು ಹೋದ ವರ್ಷವೇ ಬಿಟ್ಟಿದ್ದ.

"ಹಾಗಾದ್ರೆ ಆಸ್ಪತ್ರೆಗೆ ನಡಿ."

"ತಲೆನೋವಿಗೆ ನಾನು ಆಸ್ಪತ್ರೆಗಾ? ಜನ ನೋಡಿದ್ರೆ ಅಂಗಡಿಗೆ ಬೀಗ ಹಾಕ್ಬೇಕಷ್ಟೆ!"

ತನ್ನ ತಲೆ ತಾನೇ ತಿಕ್ಕಿ ಸೋತ ಮೇಲೆ, ಒಂದು ಸಂಜೆ ಮೂಗು ಬಾಯಿಗೆ ಮಫ್ಲರ್ ಸುತ್ತಿಕೊಂಡು ಎದುರಂಗಡಿಯ ಕ್ಷೌರಿಕನ ಕುರ್ಚಿಯಲ್ಲಿ ಕುಳಿತ. ಇಬ್ಬರದೂ ಹಾವು ಮುಂಗುಸಿಯ ಸಂಬಂಧ. ದನಿ ಬದಲಿಸಿ "ತಲೆ ತಿಕ್ಕಿ" ಎಂದ.

ಎದುರಂಗಡಿಯವನು ನೆತ್ತಿಗೆ ಕೈ ಹಚ್ಚಿದವನೇ ನಕ್ಕ. "ಬೆರಳಣ್ಣ, ಮಫ್ಲರ್ ತೆಗೀರಿ. ಈ ಜೋಡಿ ಸುಳಿ ನನಗೆ ಗೊತ್ತಿಲ್ವಾ?"

ಕೊನೆಗೆ ಲಟಕ್ಕೆನಿಸಲು ಕತ್ತು ಹಿಡಿದು ಮುಂದಕ್ಕೆ ಬಗ್ಗಿಸಹೋದ. ಕತ್ತು ಕೊರಡಿನಂತೆ ನಿಂತಿತ್ತು. ಅವನ ನಗು ಇಳಿಯಿತು.

"ಇದು ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಹೋಗೋಣ."

"ಕೆಲಸ ಬರಲ್ಲ ಅನ್ನು!"

"ಬರಲ್ಲ ಮಾರಾಯ. ನನ್ನ ಕುರ್ಚೀಲಿ ನೀವು ಹೋಗ್ಬಿಟ್ರೆ, ಹೋಗ್ತಾ ಹೋಗ್ತಾ ನನ್ನ ಅಂಗಡೀನೂ ಮುಚ್ಚಿಸ್ತೀರಿ."

ಅವನೇ ಅಕ್ಕನನ್ನು ಕರೆಸಿ ಆಟೋ ಹತ್ತಿಸಿದ. ವೈದ್ಯೆಯ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಬೆರಳಣ್ಣ ಮಾತ್ರೆ ಬಿಟ್ಟದ್ದನ್ನು ಒಪ್ಪಿಕೊಂಡ. ಅಕ್ಕ ಬಯ್ಯಲಿಲ್ಲ, ಅತ್ತಳು. ಬಯ್ದಿದ್ದರೇ ಚೆನ್ನಾಗಿತ್ತು ಅನಿಸಿತು ಅವನಿಗೆ.

ಮಗ್ಗುಲಾಗಿ ಮುದುರಿ ಮಲಗಿಸಿ, ಬೆನ್ನಿನ ಕೆಳಭಾಗಕ್ಕೆ ಸೂಜಿ ಚುಚ್ಚಿ, "ಅಲ್ಲಾಡಬೇಡಿ" ಎಂದರು ವೈದ್ಯೆ. ಕತ್ತಿ ಹಿಡಿದಾಗ ಗಿರಾಕಿಗಳಿಗೆ ಹೇಳುವ ಅವನದೇ ಮಾತು ಅದು. ಈಗ ಕೇಳಿಸಿಕೊಳ್ಳುವ ಸರದಿ. ಮೆದುಳು, ಬೆನ್ನುಹುರಿಯ ಸುತ್ತ ಒತ್ತುತ್ತಿದ್ದ ನೀರು ತೊಟ್ಟು ತೊಟ್ಟಾಗಿ ಇಳಿದಂತೆ ತಲೆಯ ಭಾರವೂ ಇಳಿಯಿತು.

"ನೋವು ತಲೇಲಿ, ಚುಚ್ಚಿದ್ದು ಸೊಂಟಕ್ಕೆ. ಇಷ್ಟು ವರ್ಷ ನಾನು ತಪ್ಪು ಜಾಗ ತಿಕ್ತಿದ್ನಾ ಡಾಕ್ಟ್ರೇ?"

ಪರೀಕ್ಷೆಯಲ್ಲಿ ಗೊತ್ತಾಯಿತು. ಮೆದುಳಿನ ಪೊರೆಗೆ ಶಿಲೀಂಧ್ರ ಹತ್ತಿತ್ತು.

"ಮೈಯ ಕಾವಲು ಪೂರ್ತಿ ಕುಸಿದಾಗ ಇದು ಒಳಗೆ ನುಗ್ಗುತ್ತೆ," ಎಂದರು ವೈದ್ಯೆ. "ಇನ್ನೂ ತಡ ಮಾಡಿದ್ದಿದ್ರೆ ಉಳೀತಿರ್ಲಿಲ್ಲ. ಮೊದಲು ಇದನ್ನ ತಗ್ಗಿಸೋಣ. ಕೆಲವು ವಾರ ಆದ್ಮೇಲೆ ಎಚ್‌ಐವಿ ಮಾತ್ರೆ."

ನರಕ್ಕೆ ಏರಿಸಿದ ಔಷಧಿ ಅವನನ್ನು ನಡುಗಿಸಿ ಹಣ್ಣು ಮಾಡಿತು. ಆದರೂ ಬದುಕಿ ಬಂದ.

ಈಗ ಅಂಗಡಿಯ ಕನ್ನಡಿಗೆ ಟವೆಲ್ ಇಲ್ಲ. ಮಾತ್ರೆ ನುಂಗಿಸದೆ ಅಕ್ಕ ಅವನನ್ನು ಮನೆಯಿಂದ ಬಿಡುವುದಿಲ್ಲ. ಮೊನ್ನೆ ಮಫ್ಲರ್ ಸುತ್ತಿದ ಗಿರಾಕಿಯೊಬ್ಬ ಬಂದು, ತಲೆನೋವು ಎಂದ.

"ಜ್ವರ, ವಾಂತಿ?"

"ಇಲ್ಲ. ನೆನ್ನೆ ನಿದ್ದೆಗೆಟ್ಟಿದ್ದಷ್ಟೆ."

"ಗದ್ದ ಎದೆಗೆ ತಾಗ್ಸು."

ತಾಗಿತು. ಬೆರಳಣ್ಣ ಎಣ್ಣೆ ಸುರಿದು ತಿಕ್ಕತೊಡಗಿದ. ಮಫ್ಲರಿನ ಒಳಗಿಂದ ಎದುರಂಗಡಿಯವನ ಗೊರಕೆ ಶುರುವಾಯಿತು. ಎದುರು ಕಾಯುತ್ತಿದ್ದ ಅವನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿ ಇತ್ತ ಬಂದು ಕುಳಿತರು. ಬೆರಳಣ್ಣ ಅವನನ್ನು ಎಬ್ಬಿಸಲಿಲ್ಲ.