ಪರದೆಯ ಮೂಲೆಗೊಂದು ದೇವರ ಪಟ

ಮೊನ್ನೆ ಕಾಲೇಜಿನಲ್ಲಿ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು ಟಿಫನ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ, ಅಪ್ಪನ ಫೋನು ಬಂತು. ಹಲೋ ಗಿಲೋ ಏನೂ ಇಲ್ಲ. ಅಪ್ಪನಿಗೆ ಫೋನೆಂದರೆ ಬೇಲಿಯಾಚೆ ನಿಂತವರನ್ನು ಕೂಗುವ ಸಾಧನ.

"ಮಗಾ, ಗೂಡಿನ ರೇಟು ತೋರ್ಸೋ ಆಪು ಹಾಕುಸ್ಕಂಡೆ. ಒಪ್ತೀಯಾ ಇಲ್ವಾ ಅಂತ ಕೇಳ್ತಾ ಕುಂತೈತೆ. ಏನ್ ಮಾಡ್ಲಿ?"

"ಒಪ್ತೀನಿ ಅಂತ ಒತ್ತಪ್ಪ."

"ಯಾತುಕ್ಕೆ ಒಪ್ತಾ ಇದ್ದೀನಿ ಅಂತ ಗೊತ್ತಿಲ್ದೆ ಹೆಂಗವ್ವ ಒಪ್ಲಿ? ಮ್ಯಾಲಿಂದ ಕೆಳಗಂಟ ಇಂಗ್ಲೀಸು. ಎಳುದಷ್ಟೂ ಬತ್ತಾನೇ ಐತೆ."

"ಅದನ್ನ ಯಾರೂ ಓದಲ್ಲಪ್ಪ."

"ಯಾರೂ ಓದಲ್ಲ ಅಂತ ನಾನು ನಿನ್ನ ಓದುಸ್ದೆ ಬುಟ್ನಾ? ಭಾನ್ವಾರ ಬಂದು ಓದು. ಅಲ್ಲೀಗಂಟ ಅದು ಹಂಗೇ ಕಾಯ್ಲಿ."

ಫೋನು ಕಟ್. ಪಕ್ಕದ ಕುರ್ಚಿಯ ಇತಿಹಾಸದ ಮೇಡಂ, "ನಿಮ್ಮ ತಂದೆ ವಕೀಲರಾ?" ಎಂದರು. "ಇಲ್ಲ ಮೇಡಂ, ರೇಷ್ಮೆ ಹುಳ ಸಾಕ್ತಾರೆ" ಎಂದೆ. ಅಪ್ಪ ಹೀಗಾದದ್ದು ಒಂದು ಹಳೇ ಕಂಪ್ಯೂಟರಿನಿಂದ. ನಿಮಗೆ ಬಿಡುವಿದ್ದರೆ ಹೇಳುತ್ತೇನೆ. ಬಿಡುವಿಲ್ಲದಿದ್ದರೂ ಹೇಳುತ್ತೇನೆ; ಪಾಠ ಮಾಡಿ ಬದುಕುವವರಿಗೆ ಅದೊಂದು ಕಾಯಿಲೆ.

ನಮ್ಮೂರು ಕೈಲಾಂಚದ ಕಡೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳುವಾಗ ಒಸಿ ವಿನಯ ತೋರಿಸಬೇಕಂತೆ. ಬೆಳಗ್ಗೆ ಹುಳಕ್ಕೆ ಸೊಪ್ಪು ಕೊಯ್ದುಕೊಟ್ಟು, ರಾಮನಗರದ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿ, ಸಂಜೆ ಬಂದು ಮತ್ತೆ ಸೊಪ್ಪು ಹಾಕಿ ಆಮೇಲೆ ಪುಸ್ತಕ ಹಿಡಿಯುತ್ತಿದ್ದವಳು ನಾನು. ವಿನಯ ಕಲಿಯಲು ಪುರಸೊತ್ತು ಸಿಗಲಿಲ್ಲ.

ಬಿ.ಕಾಂ. ಓದುವಾಗ ಕಂಪ್ಯೂಟರ್ ಪಾಠ ಬಂತು. ಲ್ಯಾಬಿನಲ್ಲಿ ಒಂದೊಂದು ಮಿಷನ್ನಿಗೂ ಹಿಂಡು ಹಿಂಡು ಹುಡುಗರು. ಹಿಂದೆ ನಿಂತು ಅವರ ತಲೆಗಳನ್ನಷ್ಟೇ ನೋಡಿ ಬಂದೆ ಎಂದು ಮನೆಯಲ್ಲಿ ಅತ್ತದ್ದುಂಟು. ಆ ಸಲದ ರೇಷ್ಮೆಗೂಡು ಒಳ್ಳೆಯ ಬೆಲೆಗೆ ಹೋಯಿತು. ಅಪ್ಪ ಚನ್ನಪಟ್ಟಣಕ್ಕೆ ಹೋಗಿ ಬಳಸಿದ್ದೊಂದು ಕಂಪ್ಯೂಟರ್ ಕೊಂಡು ತಂದುಬಿಟ್ಟ.

ಪಕ್ಕದ ಮನೆಯ ದೊಡ್ಡಪ್ಪ ಜಗಲಿಯ ಮೇಲಿಂದಲೇ ನೋಡಿದರು. ಅಪ್ಪನ ಸ್ವಂತ ಅಣ್ಣ. "ಲೇ ಪುಟ್ಟ, ಹೆಣ್ಮಗೀಗೆ ಡಿಗ್ರಿ, ಡಿಗ್ರಿಗೊಂದು ಪೆಟ್ಟಿಗೆ. ನೋಡ್ತಿರು, ಓದು ಓದು ಅಂತ ಯಾವನೋ ನಿನ್ ತಲೆ ಬೋಳುಸ್ತಾನೆ."

"ಬೋಳುಸ್ಲಿ ಬುಡಣ್ಣ, ಕೂದ್ಲು ತಾನೇ, ಬತ್ತದೆ" ಎಂದ ಅಪ್ಪ.

ಕಂಪ್ಯೂಟರನ್ನು ಹೇಗೆ ನೋಡಿಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಹುಳ ಸಾಕುವ ಮನೆಯ ಕಾನೂನನ್ನೇ ಅಪ್ಪ ಅದಕ್ಕೂ ಜಾರಿ ಮಾಡಿದ. ಚಪ್ಪಲಿ ಹೊರಗೆ. ಕೈಕಾಲು ತೊಳೆದೇ ಹತ್ತಿರ ಹೋಗಬೇಕು. ಬೀಡಿ ಸೇದಿ ಬಂದವರು ಬಾಗಿಲಲ್ಲೇ ನಿಲ್ಲಬೇಕು. ಅವ್ವ ಒಗ್ಗರಣೆ ಹಾಕುವ ಮುಂಚೆ ಅದಕ್ಕೆ ಬಟ್ಟೆ ಹೊದಿಸಬೇಕು. ಆ ಪೆಟ್ಟಿಗೆಯೂ ಗೂಡು ಕಟ್ಟೀತೇನೋ ಎಂಬಂತೆ ಮನೆಯವರೆಲ್ಲ ಕಾದೆವು.

ಗೂಡು ಕಟ್ಟಲಿಲ್ಲ. ಒಂದು ದಿನ ಪರದೆಯೆಲ್ಲ ಕಪ್ಪಗಾಗಿ, ಬಲಗಡೆ ಕೆಳಮೂಲೆಯಲ್ಲಿ ಬಿಳಿಯ ಸಣ್ಣ ಅಕ್ಷರ ಮೂಡಿತು.

"ಏನಂತವ್ವ ಅದು?"

ನಾನು ಇಂಗ್ಲಿಷ್ ಬಲ್ಲವಳೆಂಬ ಜಂಬದಲ್ಲಿ ಒಂದಕ್ಷರ ಬಿಡದೆ ಹೇಳಿದೆ. "ಇದ್ರೊಳಗಿರೋ ಸಾಫ್ಟ್‌ವೇರು ಅಸಲಿ ಅಲ್ವಂತೆ. ನೀವು ಮೋಸ ಹೋಗಿರಬಹುದು ಅಂತ ಬರ್ದೈತೆ."

"ನೀವು ಅಂದ್ರೆ ಯಾರು?"

"ನಾವೇ."

"ಹೋಗಿದ್ದೀವಾ, ಹೋಗಿರ್ಬೋದಾ?"

"ಹೋಗಿರ್ಬೋದು."

"ಅದ್ಕೂ ಗ್ಯಾರಂಟಿ ಇಲ್ಲ ನೋಡು" ಎಂದ ಅಪ್ಪ. ಎಂದವನು ನಗಲಿಲ್ಲ. ಮೋಸ ಹೋದದ್ದಕ್ಕಿಂತ ಅದು ಅಣ್ಣನಿಗೆ ಗೊತ್ತಾಗುವುದು ಅವನಿಗೆ ಕಷ್ಟವಾಗಿತ್ತು. ಈ ವಿಷಯ ಜಗಲಿಗೆ ಹೋದರೆ ಕಂಪ್ಯೂಟರ್ ನಕಲಿ ಎನ್ನುವುದರಲ್ಲಿ ಮಾತು ನಿಲ್ಲುವುದಿಲ್ಲ. ಮಗಳನ್ನು ಓದಿಸಿದ್ದೇ ಮೋಸದ ವ್ಯಾಪಾರ ಎಂದಾಗುತ್ತದೆ. ನನ್ನ ಓದಿಗಾಗಿ ಊರಿಗೆಲ್ಲ ಎದುರು ಮಾತಾಡಿದ್ದ ಅಪ್ಪನಿಗೆ ಈಗ ಮನೆಯೊಳಗಿನ ಪೆಟ್ಟಿಗೆಯೇ ಎದುರು ಮಾತಾಡುತ್ತಿತ್ತು.

ಸಂಜೆ ನೋಡುತ್ತೇನೆ, ಪರದೆಯ ಮೂಲೆಯಲ್ಲಿ ಮನೆದೇವರ ಪುಟ್ಟ ಪಟ! ಅಪ್ಪ ಅನ್ನದ ಅಗುಳು ಮೆತ್ತಿ ಅಂಟಿಸಿದ್ದ. ಕಪ್ಪು ಪರದೆಯಲ್ಲಿ ದೇವರು ಗರ್ಭಗುಡಿಯೊಳಗೆ ಇದ್ದಂತೆಯೇ ಕಾಣುತ್ತಿದ್ದ. ಬಂದವರೆಲ್ಲ ಕೈಮುಗಿದರು. "ಎಷ್ಟೇ ಓದುದ್ರೂ ಭಕ್ತಿ ಬುಟ್ಟಿಲ್ಲ ನೋಡು ಮಗಳು" ಎಂದು ನನ್ನನ್ನು ಹೊಗಳಿದರು. ಗಡಿಯಾರವೂ ಅದೇ ಮೂಲೆಯಲ್ಲಿತ್ತು. ಗಂಟೆ ನೋಡಬೇಕೆಂದರೆ ನಾನು ದೇವರನ್ನು ಎಬ್ಬಿಸಬೇಕಿತ್ತು.

ಒಂದೆರಡು ದಿನ ಕಳೆದ ಮೇಲೆ ಅಪ್ಪ ಪೆಟ್ಟಿಗೆಗೆ ಕಂಬಳಿ ಸುತ್ತಿ, ನನ್ನನ್ನೂ ಕರೆದುಕೊಂಡು ಚನ್ನಪಟ್ಟಣದ ಅಂಗಡಿಗೆ ಹೋದ. ಅಂಗಡಿಯವನು ಒಳ್ಳೆಯ ಮಾತುಗಾರ.

"ಯಜಮಾನ್ರೇ, ಎಲ್ಲಾರ್ದೂ ಹಿಂಗೇ ಇರೋದು. ಒಂದ್ ಸಿ.ಡಿ. ಇಡೀ ತಾಲ್ಲೂಕಿಗೆ ನಡೀತದೆ."

"ಎಲ್ಲಾರ ಮನೇಲೂ ಮೋಸ ಹೋಗಿದ್ದೀರಿ ಅಂತ ಬರ್ಕಂಡೈತಾ?"

"ಬರ್ದಿದ್ರೆ ಏನಾಯ್ತು? ಕೆಲ್ಸ ಮಾಡ್ತದಲ್ಲ. ಲೈಸೆನ್ಸ್ ಬೇಕು ಅಂದ್ರೆ ಕಂಪನಿಗೆ ಬೇರೆ ಕಟ್ಬೇಕು. ಪೆಟ್ಟಿಗೆ ನಿಮ್ದು, ಒಳಗಿರೋದು ಕಂಪನೀದು. ದುಡ್ಡು ಕಟ್ಟಿದ್ರೂ ನಿಮ್ದಾಗಲ್ಲ, ಬಳಸ್ಕಳಕ್ಕೆ ಅಪ್ಪಣೆ ಅಷ್ಟೇ."

ನಾನು ಬಿ.ಕಾಂ. ವಿದ್ಯಾರ್ಥಿನಿಯ ಗತ್ತಿನಲ್ಲಿ ತಲೆಯಾಡಿಸಿದೆ. ನನಗೂ ಅರ್ಥವಾಗಿರಲಿಲ್ಲ. ಅಪ್ಪನಿಗೆ ಮಾತ್ರ ಹಸುವಿನ ಹಗ್ಗ ನೆನಪಾಯಿತು.

ನಮ್ಮ ಕಡೆ ಹಸು ಮಾರಿದವರು ಹಗ್ಗ ಕೊಡುವುದಿಲ್ಲ. ಕೊಟ್ಟಿಗೆಯ ಭಾಗ್ಯ ಹಗ್ಗದ ಹಿಂದೆ ಹೋಗಿಬಿಡುತ್ತದೆಂಬ ನಂಬಿಕೆ. ಕೊಂಡವನು ಹೊಸ ಹಗ್ಗ ತಂದು ಹಸುವಿಗೆ ಕಟ್ಟುತ್ತಾನೆ, ಮಾರಿದವನು ಹಳೆಯದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಇನ್ನೊಬ್ಬರ ಹಗ್ಗ ಹೊಡೆದುಕೊಂಡು ಬರುವುದೆಂದರೆ ಹಸುವನ್ನು ಕದ್ದದ್ದಕ್ಕಿಂತ ಕೀಳು.

"ಅಂಗಂದ್ರೆ," ಎಂದ ಅಪ್ಪ, "ನೀನು ಬೇರೇರ ಹಗ್ಗದಾಗೆ ಕಟ್ಟಿ ನಂಗೆ ಹಸ ಹೊಡ್ಕೊಟ್ಟಿದ್ದೀಯ ಕಣಯ್ಯ. ಈಗ ಹಗ್ಗದ ಕಳ್ಳ ನಾನು!"

ಅಂಗಡಿಯವನಿಗೆ ಹಸು ಎಲ್ಲಿಂದ ಬಂತೋ ತಿಳಿಯಲಿಲ್ಲ. ಟೀ ತರಿಸಿದ. ಅಸಲಿ ಲೈಸೆನ್ಸಿನ ಬೆಲೆ ಕೇಳಿ ಅಪ್ಪ ಅರ್ಧ ಟೀ ಲೋಟದಲ್ಲೇ ಬಿಟ್ಟ. ಪೆಟ್ಟಿಗೆ ಮತ್ತೆ ಕಂಬಳಿ ಹೊದ್ದು ಊರಿಗೆ ಬಂತು. ಮನೆಯಲ್ಲೇ ಉಳಿದಿದ್ದ ಪರದೆಯ ಮೂಲೆಯಲ್ಲಿ ದೇವರು ಕಾಯುತ್ತಿದ್ದ.

ಅದೇ ವಾರ ದೊಡ್ಡಪ್ಪ ನಮ್ಮ ಹೊಸಲು ದಾಟಿದರು. ಮಗನ ಮದುವೆ ಗೊತ್ತಾಗಿತ್ತು. ಕಾಲು ತೊಳೆದು ಬಂದು, ಪರದೆಗೆ ಕೈಮುಗಿದು ಕುಳಿತರು. "ಲಗ್ನಪತ್ರಿಕೆ ಒಕ್ಕಣೆ ಹೊಡ್ಸಬೇಕಿತ್ತು. ಮನೇಲೇ ಮಗಳವ್ಳೆ, ಹೊರಗ್ಯಾಕೆ ಹೋಗನ ಅಂತ ಬಂದೆ." ಜಗಲಿಯ ಮೇಲೆ ಅಷ್ಟು ಮಾತಾಡಿದವರು ತಾವಾಗೇ ಬಂದಿದ್ದರು. ಇದಕ್ಕಿಂತ ದೊಡ್ಡ ಗೆಲುವು ಅಪ್ಪನಿಗೆ ಬೇಕಿತ್ತೆ? ನಾನು ಕೀಲಿಮಣೆ ಎಳೆದುಕೊಂಡೆ. ಅಡಿಗೆಮನೆ ಬಾಗಿಲಿಂದ ಅವ್ವ ಅಪ್ಪನಿಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡುತ್ತಿದ್ದಳು.

ಅಪ್ಪ ಎದ್ದು ಬಂದು ಉಗುರಿನಿಂದ ಪಟ ಕಿತ್ತ.

"ಅಣ್ಣ, ಸುಳ್ಳಿಗೂ ದೇವ್ರ ಮೇಲೆ ಆಣೆ ಇಕ್ಕೋರು ಅವ್ರೆ. ನಾನು ದೇವ್ರನ್ನೇ ಅಡ್ಡ ಇಟ್ಬುಟ್ಟಿದ್ದೆ. ನೀನಂದಂಗೇ ಆಯ್ತು. ಒಳಗಿರೋದು ಕಳ್ಳಮಾಲು. ಇಲ್ಲಿ ಬರ್ದೈತೆ ನೋಡು."

ದೊಡ್ಡಪ್ಪ ಬಗ್ಗಿ ನೋಡಿದರು. "ಏನೂ ಕಾಣಲ್ವಲ್ಲೋ. ಇರುವೆ ಸಾಲಿದ್ದಂಗೈತೆ." ಆಮೇಲೆ ನೆನಪಾಗಿ ತೊಡೆ ತಟ್ಟಿದರು. "ನಾನು ಅವತ್ತೇ ಹೇಳ್ಲಿಲ್ವಾ? ಹೇಳಿದ್ನೋ ಇಲ್ವೋ? ಸರಿ ಬುಡು, ಅಕ್ಷರ ನೆಟ್ಟಗೆ ಬಿದ್ರೆ ಸಾಕು. ಹೊಡಿಯವ್ವ."

"ಹೊಡ್ಯಂಗಿಲ್ಲ" ಎಂದ ಅಪ್ಪ. "ಕದ್ದ ಹಗ್ಗದಾಗೆ ಮನೆ ಮಗನ ಮದುವೆ ಕೆಲ್ಸ ಮಾಡ್ಸಲ್ಲ ನಾನು."

"ಅಯ್ಯೋ ನಿನ್ನ! ಮೋಸಾನೂ ಹೋಯ್ತಿಯ, ರೋಪೂ ಹಾಕ್ತೀಯಲ್ಲೋ!"

ದೊಡ್ಡಪ್ಪ ನಗುತ್ತಾ ಹೋದರು. ದೀಪ ಹಚ್ಚುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಅಪ್ಪ ಅಂದು ಒಂದು ಮುದ್ದೆ ಹೆಚ್ಚಿಗೆ ಉಂಡ.

ಈ ಕಥೆಯನ್ನು ನಾನು ಆಗ ಓದುತ್ತಿದ್ದ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರಿಗೆ ಹೇಳಿದೆ. ನಕ್ಕಾರೆಂದುಕೊಂಡಿದ್ದೆ. ಅವರು ಸಿ.ಡಿ. ಹಿಡಿದು ಬಸ್ಸು ಹತ್ತಿ ನಮ್ಮೂರಿಗೇ ಬಂದುಬಿಟ್ಟರು. ಯಾರು ಬೇಕಾದರೂ ಬಳಸಬಹುದಾದ, ಕಾಸಿಲ್ಲದ ಸಾಫ್ಟ್‌ವೇರು ಇದೆ, ಹಾಕಿಕೊಡುತ್ತೇನೆ ಎಂದರು. ಅಪ್ಪನ ಹುಬ್ಬು ಮೇಲಕ್ಕೆ ಹೋಯಿತು.

"ಕಾಸು ಕೊಟ್ಟಿದ್ದು ಕಳ್ಳಮಾಲು, ಪುಕ್ಕಟೆ ಬಂದಿದ್ದು ಅಸಲಿ. ಇದ್ಯಾವ ಸೀಮೆ ಯಾಪಾರ ಮೇಷ್ಟ್ರೇ?"

"ಇದಕ್ಕೂ ಲೈಸೆನ್ಸ್ ಇದೆ ಯಜಮಾನ್ರೇ. ನೀವೂ ಬಳಸಿ, ಬೇರೆಯವರಿಗೂ ಕೊಡಿ ಅಂತಲೇ ಬರೆದಿದ್ದಾರೆ."

"ಎಲ್ಲಿ, ಓದಿ."

ಪಾಪ, ಮೇಷ್ಟ್ರು ಓದಿದರು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅವ್ವನ ಅವರೆಕಾಳು ಸಾರು ಕುದಿದು ಇಳಿಯಿತು, ಓದು ಮುಗಿಯಲಿಲ್ಲ. ಕೊನೆಗೆ, ಇದು ಕೆಟ್ಟರೆ ಬರೆದವರು ಜವಾಬ್ದಾರರಲ್ಲ ಎಂಬ ಸಾಲು ಬಂತು. ಇಲ್ಲಿಗೆ ಕೆಟ್ಟಿತು ಎಂದುಕೊಂಡೆ. ಅಪ್ಪನ ಮುಖ ಅರಳಿತು.

"ಇದು ನ್ಯಾಯದ ಮಾತು. ಕೊಡೋವಾಗ್ಲೇ ಹೇಳವ್ರೆ. ಚನ್ನಪಟ್ಟಣದೋನು ಇದೊಂದ್ ಮಾತು ಅಂದಿದ್ರೆ ಸಾಕಾಗಿತ್ತು. ಹಾಕಿ ಮೇಷ್ಟ್ರೇ."

ಅದರಲ್ಲಿ ಮೊದಲು ಹೊಡೆದದ್ದು ದೊಡ್ಡಪ್ಪನ ಮಗನ ಲಗ್ನಪತ್ರಿಕೆ. ಪುಕ್ಕಟೆ ಮಾಲನ್ನು ಬರಿಗೈಯಲ್ಲಿ ಪಡೆಯುವುದು ಅಪ್ಪನಿಗೆ ಆಗದ ಕೆಲಸ. ಮೇಷ್ಟ್ರು ಒಂದು ಚೀಲ ಅವರೆಕಾಯಿ ಹೊತ್ತುಕೊಂಡೇ ಬಸ್ಸು ಹತ್ತಬೇಕಾಯಿತು.

ಅಪ್ಪ ಫೋನಿನಲ್ಲಿ ಕರೆದ ಆ ಭಾನುವಾರ ಊರಿಗೆ ಹೋದೆ. ಅಪ್ಪ ಕೈ ತೊಳೆದುಕೊಂಡು ಬಂದು ಫೋನನ್ನು ನನ್ನ ಮುಂದಿಟ್ಟು ಚಕ್ಕಳ ಮಕ್ಕಳ ಹಾಕಿ ಕುಳಿತ. ನಿಜ ಹೇಳಬೇಕೆಂದರೆ, ಇಷ್ಟು ಓದಿದ ನಾನೂ ಇಂಥ ಕರಾರೊಂದನ್ನು ಪೂರ್ತಿ ಓದುತ್ತಿರುವುದು ಇದೇ ಮೊದಲು. ಬೇಗ ಮುಗಿಸಿ ಸಂಜೆ ಬಸ್ಸಿಗೆ ಹೊರಡೋಣವೆಂದು ಸರಸರ ಓದುತ್ತಿದ್ದವಳು ಒಂದು ಕಡೆ ನಿಂತೆ.

"ಯಾಕವ್ವ?"

"ನಿನ್ನ ಫೋನಿನಲ್ಲಿರೋ ಎಲ್ಲಾರ ಹೆಸರು, ನಂಬರು ಅವ್ರು ತಗೋಬಹುದಂತೆ."

"ಗೂಡಿನ ರೇಟು ಹೇಳಾಕೆ ಊರೋರ ನಂಬರು ಯಾಕೆ? ಅವೇನು ನಂದಾ, ಎತ್ತಿ ಕೊಡಾಕೆ? ಅವರವರ್ದು ಅವು. ಕೊಡಲ್ಲ ಅನ್ಬೋದಾ?"

ಹುಡುಕಿದೆ. ಅನ್ನಬಹುದಿತ್ತು. ಅನ್ನಲೂ ಬಹುದೆಂದು ನನಗೇ ಗೊತ್ತಿರಲಿಲ್ಲ. ಕೊಡುವುದಿಲ್ಲ ಎಂದು ಒತ್ತಲು ಬೆರಳು ಮುಂದೆ ಮಾಡಿದೆ.

"ತಡಿ ತಡಿ" ಎಂದ ಅಪ್ಪ. ಪಕ್ಕದ ಮನೆಯ ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ನಮ್ಮಣ್ಣಂದೊಂದ್ ನಂಬರು ಕೊಡಂಗಿದ್ರೆ ಕೊಡು. ಅದ್ಯಾವನೋ ದಿನಾ ಫೋನ್ ಮಾಡಿ ರೇಟು ಹೇಳ್ಲಿ. ಬೆಳಗಾದ್ರೆ ರೇಟೆಷ್ಟೋ ಅಂತ ನನ್ನ ಕೇಳಾದ್ನಾದ್ರೂ ಬುಡ್ತಾನೆ."