ಹಾರಿಹೋಗುವ ಹಕ್ಕಿ ಮತ್ತು ಗಾಡಿ ಮಾವ

ಆಸ್ಪತ್ರೆಯ ಮಕ್ಕಳ ವಾರ್ಡಿನಿಂದ ಆಪರೇಷನ್ ಕೋಣೆಗೆ ಸ್ಟ್ರೆಚರ್ ತಳ್ಳಿಕೊಂಡು ಹೋಗುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದರಿಂದ ಮಕ್ಕಳ ಬಾಯಲ್ಲಿ ಅವನು ಗಾಡಿ ಮಾವನಾಗಿದ್ದ. ಆಳು ಒಣಕಲು, ಮಾತು ಮಾತ್ರ ಧಾರಾಳ. ಅಳುವ ಮಗುವಿಗೆ ಒಂದು ಸುಳ್ಳು ಹೇಳಿ ನಗಿಸುವುದರಲ್ಲಿ ಎತ್ತಿದ ಕೈ.

ಆ ಬೆಳಿಗ್ಗೆ ಟಾನ್ಸಿಲ್ ತೆಗೆಸಿಕೊಳ್ಳಬೇಕಿದ್ದ ಏಳು ವರ್ಷದ ಹುಡುಗಿಯೊಬ್ಬಳು ಮಂಚದ ಕಂಬಿ ಹಿಡಿದು ಕೂತಿದ್ದಳು.

"ನಾನು ನಿದ್ದೆ ಮಾಡಲ್ಲ!"

ಹಿಂದಿನ ದಿನ ವಾರ್ಡಿನ ಟಿವಿಯಲ್ಲಿ ಕಾರ್ಟೂನ್ ಸಿನಿಮಾ ಬಂದಿತ್ತಂತೆ. ಮಾಟಗಾತಿ ಕೊಟ್ಟ ಔಷಧಿ ಕುಡಿದು ರಾಜಕುಮಾರಿ ನಿದ್ದೆ ಹೋಗುತ್ತಾಳೆ. ಅವಳ ಜೀವ ನೀಲಿ ಹಕ್ಕಿಯಾಗಿ ಕಿಟಕಿಯಿಂದ ಹಾರುತ್ತದೆ, ವಾಪಸು ಬರುವ ದಾರಿ ಸಿಗುವುದಿಲ್ಲ.

"ನಿನ್ನೆಯಿಂದ ಇದೇ ರಾಗ," ಎಂದಳು ತಾಯಿ. "ಅದೆಲ್ಲ ಸುಳ್ಳು ಕಣೇ ಅಂದೆ. ತೀರಿಹೋದ ಅಜ್ಜಿ ಜೀವ ದೇವರ ಹತ್ರ ಇದೆ ಅಂತೀಯಲ್ಲ, ಅದೂ ಸುಳ್ಳಾ ಅಂತ ಕೇಳಿಬಿಟ್ಟಳು."

ಗಾಡಿ ಮಾವ ಸ್ಟ್ರೆಚರ್ ತಟ್ಟಿದ. "ಹೆದರಬೇಡ ಪುಟ್ಟಿ. ನನ್ನ ಗಾಡಿಗೆ ಮಂತ್ರ ಹಾಕಿದೀನಿ. ಹಕ್ಕಿ ಹಾರದ ಹಾಗೆ ಹಿಡ್ಕೊಳ್ಳುತ್ತೆ."

"ನೋಡಿದ್ಯಾ ಅಮ್ಮ, ಹಕ್ಕಿ ಹಾರೋದು ನಿಜ!" ಹುಡುಗಿ ಮೊದಲಿಗಿಂತ ಜೋರಾಗಿ ಅತ್ತಳು.

ಅವನು ನಾಲಿಗೆ ಕಚ್ಚಿಕೊಂಡ. ಬಾಗಿಲಲ್ಲಿ ಸಿಸ್ಟರ್ ಗಡಿಯಾರ ತೋರಿಸಿದಾಗ ಹತ್ತು ನಿಮಿಷ ಬೇಡಿ, ಸ್ಟೂಲ್ ಎಳೆದುಕೊಂಡು ಕೂತ.

"ತಪ್ಪಾಯ್ತಮ್ಮ, ನಾನು ಹೇಳಿದ್ದು ಸುಳ್ಳು. ಇದು ಬರೀ ಗಾಡಿ. ಒಂದು ಗಾಲಿಗೆ ಎಣ್ಣೆ ಬೇರೆ ಹಾಕಬೇಕು."

ದೊಡ್ಡವರು ತಪ್ಪು ಒಪ್ಪಿಕೊಳ್ಳುವುದು ಅವಳಿಗೆ ಹೊಸದಿರಬೇಕು. ಅಳು ತಗ್ಗಿತು.

"ಆ ಹಕ್ಕೀನ ಮಾಡಿದ್ದು ಯಾರು?" ಎಂದು ಕೇಳಿದ ಅವನು.

"ಚಿತ್ರ ಬರೆಯೋರು."

"ಹಕ್ಕೀನೇ ಯಾಕೆ ಬರೆದ್ರು?"

ಅವಳು ಮೂಗು ಒರೆಸಿಕೊಂಡು ಯೋಚಿಸಿದಳು. "ಜೀವ ಕಣ್ಣಿಗೆ ಕಾಣಲ್ವಲ್ಲ. ತೋರಿಸೋಕೆ."

ಈ ಉತ್ತರ ಅವನಿಗೇ ಹೊಳೆದಿರಲಿಲ್ಲ. "ಅದಕ್ಕೆ ದಾರಿ ತಪ್ಪಿಸಿದ್ದು ಯಾರು?"

"ಅವರೇ. ಇಲ್ಲಾಂದ್ರೆ ಸಿನಿಮಾ ಬೇಗ ಮುಗಿದುಹೋಗುತ್ತೆ."

"ಹೌದಲ್ವಾ! ಇಲ್ಲಿ ಕೊಡೋದು ಓದಿ ಬಂದ ಡಾಕ್ಟರ್ ಅಳೆದು ಕೊಡೋ ಔಷಧಿ. ನೀನು ಏಳೋವರೆಗೂ ಒಬ್ಬರು ಡಾಕ್ಟರ್ ಪಕ್ಕದಲ್ಲೇ ಇದ್ದು ನಿನ್ನ ಉಸಿರು ನೋಡ್ತಾರೆ. ಬೇಕಾದ್ರೆ ಒಳಗೆ ಹೋಗಿ ನೀನೇ ಕೇಳು."

"ಮತ್ತೆ ಅಜ್ಜಿ?"

ಅವನು ತಾಯಿಯ ಮುಖ ನೋಡಿದ. "ಅದು ನನಗೆ ಗೊತ್ತಿಲ್ಲ ಪುಟ್ಟಿ. ಅಮ್ಮನ್ನ ಕೇಳು."

ತಾಯಿ ಮಗಳ ಕೈ ಹಿಡಿದಳು. "ನಾನೂ ಕಣ್ಣಾರೆ ನೋಡಿಲ್ಲ ಕಂದ, ನಂಬ್ತೀನಿ. ಪ್ರಾರ್ಥನೆ ಮಾಡಿದ ತಕ್ಷಣ ಕೇಳಿದ್ದೆಲ್ಲ ಆಗಿಬಿಡಲ್ಲ, ಅದೇನು ಮಂತ್ರದ ಕೋಲಾ? ಜೊತೇಲಿ ಯಾರೋ ಇದ್ದಾರೆ ಅನ್ಸುತ್ತೆ. ಮನಸ್ಸಿಗೆ ಧೈರ್ಯ ಬರುತ್ತೆ."

"ಹಾಗಾದ್ರೆ ಅದು ಸುಳ್ಳಲ್ಲ. ಗೊತ್ತಿಲ್ಲದ್ದು," ಎಂದು ತೀರ್ಪು ಕೊಟ್ಟ ಹುಡುಗಿ ಕಂಬಿ ಬಿಟ್ಟು ತಾನಾಗಿಯೇ ಸ್ಟ್ರೆಚರ್ ಹತ್ತಿದಳು. ಒಳಗೆ ಹೋದವಳೇ ಡಾಕ್ಟರನ್ನು ವಿಚಾರಿಸಿಯೂ ಬಿಟ್ಟಳು. "ನಿನ್ನ ಬಿಟ್ಟು ಎಲ್ಲೂ ಹೋಗಲ್ಲ," ಎಂದರು ಅವರು.

ಆಮೇಲೆ ಗಾಡಿ ಮಾವನಿಗೆ ಜೀವದಲ್ಲಿ ಜೀವವಿರಲಿಲ್ಲ. ಮುದುಕರೊಬ್ಬರನ್ನು ಎಕ್ಸ್‌ರೇಗೆ ಕರೆದೊಯ್ಯಬೇಕಾದವನು ರಕ್ತಪರೀಕ್ಷೆಯ ಬಾಗಿಲಿಗೆ ಒಯ್ದು ಬೈಸಿಕೊಂಡ. ಇಷ್ಟು ವರ್ಷ ಸುಳ್ಳು ಹೇಳಿ ನಿಶ್ಚಿಂತೆಯಿಂದಿದ್ದವನಿಗೆ, ನಿಜ ಹೇಳಿದ ದಿನವೇ ಚಿಂತೆ ಹತ್ತಿತ್ತು.

ಮಧ್ಯಾಹ್ನ ಹುಡುಗಿ ಕಣ್ಣು ಬಿಟ್ಟಳು. "ಗಂಟಲು ನೋಯುತ್ತೆ," ಎಂದು ಗೊಗ್ಗರು ಸ್ವರದಲ್ಲಿ ದೂರಿದಳು. ತಾಯಿ ನಗುತ್ತಲೇ ಕಣ್ಣೊರೆಸಿಕೊಂಡಳು. ದೂರೊಂದು ಕಿವಿಗೆ ಅಷ್ಟು ಹಿತವಾಗಿ ಕೇಳಿಸಿದ್ದು ಗಾಡಿ ಮಾವನಿಗೆ ಅದೇ ಮೊದಲು. ಉಸ್ಸಪ್ಪಾ ಎಂದು ಗೋಡೆಗೆ ಒರಗಿದ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಒಪ್ಪಿಸಿದ.

"ಅಂತೂ ಮಕ್ಕಳ ಹತ್ರ ನಿಜ ಹೇಳೋದು ಕಲಿತ್ರಿ," ಎಂದಳು ಅವಳು. "ನನ್ನ ಹತ್ರ ಯಾವಾಗಿಂದ?"

ಅವನು ನಕ್ಕು, ಇನ್ನೊಂದು ಸಲ ಬಡಿಸಿಕೊಂಡು ಹೊಟ್ಟೆ ತುಂಬ ಉಂಡ.